ಅಕ್ಷರದ ಔಚಿತ್ಯ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಒಂದು ಫಾಂಟ್ ತನ್ನ ವಿಷಯಕ್ಕೆ ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನು ಓದುಗರು ಹೇಗೆ ನಿರ್ಧರಿಸುತ್ತಾರೆ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಭಾಷೆ ಚೊಕ್ಕವಾಗಿದೆ, ವಾದ ಅವಸರದ್ದು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು.

ದುಂಡು ಅಕ್ಷರ ಮೃದು, ಮೊನಚು ಅಕ್ಷರ ಕಠೋರ, ಆದ್ದರಿಂದ ಔಚಿತ್ಯ ಆಕಾರದಲ್ಲೇ ಅಡಗಿದೆ ಎಂಬುದು ನಿಮ್ಮ ನಿಲುವು. ಅದಕ್ಕೆ ನೀವು ಕೊಟ್ಟಿರುವ ಮುಖ್ಯ ನಿದರ್ಶನ ಫ್ರಾಕ್ಟುರ್ ಎಂಬ, ಮೊನಚು ಗೆರೆಗಳ ಹಳೆಯ ಜರ್ಮನ್ ಅಚ್ಚಕ್ಷರ ಶೈಲಿ. ವಾದ ಕುಸಿಯುವುದೂ ಅಲ್ಲಿಯೇ. ನೀವು ‘ಹುಟ್ಟಿನಿಂದಲೇ ಕ್ರೂರ’ ಎಂದಿರುವ ಆ ಶೈಲಿಯಲ್ಲಿ ಶತಮಾನಗಳ ಕಾಲ ಪ್ರಾರ್ಥನಾ ಪುಸ್ತಕಗಳೂ ಮಕ್ಕಳ ಕಥೆಗಳೂ ದಿನಪತ್ರಿಕೆಗಳೂ ಅಚ್ಚಾದವು, ಮತ್ತು ಅವನ್ನು ಓದಿದವರ ಪಾಲಿಗೆ ಅದು ದಿನಬಳಕೆಯ ಅಕ್ಷರವಾಗಿತ್ತು. ಇಂದು ಅದನ್ನು ಕಂಡೊಡನೆ ಅನೇಕರಿಗೆ ನಾಜಿ ಆಡಳಿತ ನೆನಪಾಗುತ್ತದೆ. 1941ರಲ್ಲಿ ಅಂಥ ಅಕ್ಷರಗಳಿಗೆ ಯಹೂದಿಗಳದ್ದೆಂಬ ಹಣೆಪಟ್ಟಿ ಹಚ್ಚಿ ಬಳಕೆಯಿಂದ ತೆಗೆಸಿದ್ದು ಅದೇ ಆಡಳಿತ ಎಂಬುದು ವಿಚಿತ್ರವಾದರೂ ಸತ್ಯ. ಫ್ರಾಕ್ಟುರ್‌ನ ಹತ್ತಿರದ ನೆಂಟನೇ ಆದ ಅಕ್ಷರ ‘ನ್ಯೂಯಾರ್ಕ್ ಟೈಮ್ಸ್’ ಶಿರೋನಾಮದಲ್ಲಿ ಘನತೆಯ ಗುರುತಾಗಿ ನಿಂತಿದೆ. ಆಕಾರವೊಂದೇ ಕಾರಣವಾಗಿದ್ದರೆ ಇಷ್ಟು ಬೇರೆ ಬೇರೆ ತೀರ್ಪುಗಳು ಬರುತ್ತಿರಲಿಲ್ಲ.

1923ರಲ್ಲಿ ಪಾಫೆನ್‌ಬರ್ಗರ್ ಮತ್ತು ಫ್ರಾಂಕೆನ್ ನಡೆಸಿದ ಅಧ್ಯಯನವನ್ನು ಸಾಕ್ಷಿಯಾಗಿ ತಂದಿದ್ದೀರಿ. ಆಭರಣ, ಕಾಫಿ, ಮೋಟಾರು ವಾಹನದಂಥ ಸರಕುಗಳಿಗೂ ಘನತೆ, ಅಗ್ಗತನದಂಥ ಗುಣಗಳಿಗೂ ಯಾವ ಅಕ್ಷರ ಹೊಂದುತ್ತದೆ ಎಂದು ಕೇಳಿದಾಗ ಉತ್ತರಗಳಲ್ಲಿ ಸಾಕಷ್ಟು ಸಹಮತವಿತ್ತು, ನಿಜ. ಆದರೆ ಒಂದೇ ಬಗೆಯ ಜಾಹೀರಾತುಗಳನ್ನು ನೋಡುತ್ತ ಬೆಳೆದವರು ಒಂದೇ ಉತ್ತರ ಕೊಟ್ಟರೆ, ಅದು ಆಕಾರದ ಗುಣವೋ ರೂಢಿಯ ಫಲವೋ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಎಲ್ಲಿಯೂ ಏಳುವುದಿಲ್ಲ.

ಆಕಾರಕ್ಕೆ ಪಾಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪದದ ಅರ್ಥಕ್ಕೂ ಅಕ್ಷರದ ರೂಪಕ್ಕೂ ವಿರೋಧವಿದ್ದಾಗ ಓದುಗರ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂದು ಲೂಯಿಸ್ ಮತ್ತು ವಾಕರ್ 1989ರಲ್ಲಿ ತೋರಿಸಿದ್ದಾರೆ. ನಿಮ್ಮ ಪರವಾಗಿರುವ ಈ ಸಾಕ್ಷ್ಯವನ್ನೇ ನೀವು ಕೈಬಿಟ್ಟಿದ್ದೀರಿ.

ಕಾಮಿಕ್ ಸ್ಯಾನ್ಸ್ ಬಗೆಗಿನ ಗೇಲಿಯನ್ನು ತೆಗೆಯಿರಿ, ಪ್ರಸಂಗವನ್ನು ಉಳಿಸಿಕೊಳ್ಳಿ. 1994ರಲ್ಲಿ ಕಾರ್ಟೂನು ನಾಯಿಯ ಮಾತಿಗೆಂದು ರೂಪಿಸಿದ ಆ ಫಾಂಟ್ 2012ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸೆರ್ನ್ ಹಿಗ್ಸ್ ಬೋಸಾನ್ ಎಂಬ ಮೂಲಕಣದ ಪತ್ತೆಯನ್ನು ಘೋಷಿಸಿದ ಸ್ಲೈಡುಗಳಲ್ಲಿ ಕಂಡಾಗ ಜನ ನಕ್ಕರು. ಮಕ್ಕಳ ಹುಟ್ಟುಹಬ್ಬದ ಆಹ್ವಾನಪತ್ರದಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಒಪ್ಪುವ ಅಕ್ಷರ ಕಣ್ಣಿಗೆ ಬೀಳದೆ ಹೋಗುವುದರಿಂದ, ಓದುವಾಗ ಮೂಡುವ ಮೌನದ ಒಪ್ಪಿಗೆಯೂ ‘ಇದು ಹೊಂದುತ್ತದೆಯೇ’ ಎಂದು ಕೇಳಿದ ಮೇಲೆ ಸಿಗುವ ತೀರ್ಪೂ ಒಂದೇ ಎಂದು ಭಾವಿಸಬೇಡಿ.

ಮತ್ತೆ ಬರೆಯುವುದಾದರೆ, ಒಂದೇ ಪರಿಚ್ಛೇದವನ್ನು ತೆಗೆದುಕೊಂಡು ಮೊದಲು ಗೆರೆಯ ದಪ್ಪವನ್ನಷ್ಟೇ, ಆಮೇಲೆ ಓರೆಯನ್ನಷ್ಟೇ ಬದಲಿಸಿ, ಆ ಲಿಪಿ ಬಲ್ಲವರಿಗೂ ಅರಿಯದವರಿಗೂ ತೋರಿಸಿ. ಇಬ್ಬರ ಉತ್ತರಗಳು ಬೇರೆಯಾಗುವ ಕಡೆಯಿಂದ ಲೇಖನವನ್ನು ಆರಂಭಿಸಿ. ಕೊನೆಯಲ್ಲಿರುವ ‘ಯಾವ ವಿಷಯಕ್ಕೆ ಯಾವ ಫಾಂಟ್’ ಎಂಬ ಕೋಷ್ಟಕವನ್ನು ದಯವಿಟ್ಟು ಬಿಟ್ಟು ಕಳುಹಿಸಿ.

ಇತಿ,
ಸಂಪಾದಕ