ಅಯ್ಯನವರನ್ನು ಕೇಳಿ: ಪ್ರಾರ್ಥನೆಗೆ ವರದಿಯ ಫೋಟೊ ಬೇಕೆ?

ಪ್ರಶ್ನೆ: ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್‌ ಕಾಲದಲ್ಲಿ ಪ್ರತಿದಿನ ‘ಇಂದು ಉಪವಾಸದ ಇಷ್ಟನೆಯ ದಿನ’ ಎಂದು ಸ್ಟೇಟಸ್ ಹಾಕುತ್ತೇನೆ. ಗೆಳೆಯರಿಗೂ ಮನಸ್ಸಾಗಲಿ ಎಂಬ ಆಸೆ. ಅಮ್ಮ ಬೈಯುತ್ತಾರೆ.
– ಒಬ್ಬ ಯುವಕ, ಹುಬ್ಬಳ್ಳಿ

ಉತ್ತರ: ನಾನು ಅಮ್ಮನ ಪಕ್ಷ. ಉಪವಾಸ ಮಾಡುವವರು ತಲೆಗೆ ಎಣ್ಣೆ ಹಚ್ಚಿಕೊಂಡು ಮುಖ ತೊಳೆದುಕೊಳ್ಳಲಿ ಎಂದು ಬೈಬಲಿನ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಹಸಿದಿರುವುದು ಪಕ್ಕದವರಿಗೂ ತಿಳಿಯಬಾರದು. ಸ್ಟೇಟಸ್ ಆದರೋ, ಎಷ್ಟು ಜನ ನೋಡಿದರೆಂದು ಎಣಿಸಿ ತೋರಿಸುತ್ತದೆ. ನಾಳೆ ಹಾಕಬೇಡಿ.

ಪ್ರಶ್ನೆ: ನಾದಿನಿಯ ಎದೆಯಲ್ಲಿ ಗಂಟಿತ್ತು. ಬಯಾಪ್ಸಿ ವರದಿ ನನ್ನ ಗಂಡನ ಮೊಬೈಲಿಗೆ ಬಂತು. ಗಾಬರಿಯಲ್ಲಿ ಅದನ್ನೇ ಚರ್ಚಿನ ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ದಯವಿಟ್ಟು ಪ್ರಾರ್ಥಿಸಿ’ ಎಂದು ಬರೆದೆ. ಮರುದಿನವೇ ಅವಳ ಜೊತೆ ಕೆಲಸ ಮಾಡುವವರೊಬ್ಬರು ಅವಳಿಗೆ ಫೋನ್ ಮಾಡಿ ಅತ್ತರಂತೆ. ಒಂದು ವಾರದಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಪ್ರಾರ್ಥನೆ ಕೇಳಿದ್ದು ತಪ್ಪೇ?
– ಒಬ್ಬ ಸಹೋದರಿ, ಧಾರವಾಡ

ಉತ್ತರ: ಪ್ರಾರ್ಥನೆ ಕೇಳಿದ್ದರಲ್ಲಿ ತಪ್ಪೇನಿಲ್ಲ, ತಾಯಿ. ಆದರೆ ಆ ಕಾಗದದಲ್ಲಿ ಅವಳ ಹೆಸರು, ವಯಸ್ಸು, ಗಂಟು ಯಾವ ಕಡೆಯದು ಎಂಬುದು ಕೂಡ ಇರುತ್ತದೆ. ದೇವರಿಗೆ ಅದನ್ನು ಯಾರೂ ತಿಳಿಸಬೇಕಿರಲಿಲ್ಲ. ಗುಂಪಿನಲ್ಲಿರುವ ಗಂಡಸರಿಗಂತೂ ಬೇಡವೇ ಬೇಡ.

ನಿಮ್ಮನ್ನು ಗದರಿಸುವ ಅರ್ಹತೆ ನನಗಿಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ಪ್ರಾರ್ಥನೆಯ ಚೀಟಿಗಳು ಕಾಣಿಕೆ ಚೀಲದಲ್ಲಿ ಬರುತ್ತಿದ್ದವು. ಒಂದು ಭಾನುವಾರ, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದ ಚೀಟಿಯನ್ನು ಪ್ರಸಂಗಪೀಠದಿಂದ ಪೂರ್ತಿ ಓದಿಬಿಟ್ಟೆ. ಮಗನ ಹೆಸರು, ಅವನ ಕುಡಿತ, ಅವನು ಮಾರಿದ ತಾಯಿಯ ಬಳೆ. ನಾಲ್ಕನೆಯ ಬೆಂಚಿನಲ್ಲಿ ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಗ ಆಮೇಲೆ ನಾನಿರುವವರೆಗೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ನಾನು ಹೆಸರನ್ನಷ್ಟೇ ಓದುತ್ತಿದ್ದೆ, ಅದೂ ಕೇಳಿಕೊಂಡ ಮೇಲೆ.

1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದಾಗ ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಬರೆದದ್ದನ್ನು ಹೊಡೆದುಹಾಕಲು ಪುರುಸೊತ್ತಿತ್ತು. ನಮ್ಮ ಹೆಬ್ಬೆರಳಿಗೆ ಹದಿನೈದು ಸೆಕೆಂಡೂ ಇಲ್ಲ.

ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯಾಯೀರನೆಂಬವನ ಹನ್ನೆರಡು ವರ್ಷದ ಮಗಳು ಸತ್ತು ಬದುಕಿದ ಸಂಗತಿ ಓದಿ. ಮನೆಯ ತುಂಬ ಗೋಳಾಡುವ ಜನ. ಯೇಸುಸ್ವಾಮಿ ಅವರನ್ನೆಲ್ಲ ಹೊರಗೆ ಕಳುಹಿಸಿ, ತಂದೆತಾಯಿಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಕರೆದುಕೊಂಡು ಹುಡುಗಿಯ ಕೋಣೆಗೆ ಹೋದರು. ಅವಳು ಎದ್ದ ಮೇಲೆ, ಇದು ಯಾರಿಗೂ ತಿಳಿಯಬಾರದೆಂದರು. ಅವಳಿಗೆ ಊಟ ಕೊಡಿ ಎಂದರು. ನಿಮ್ಮ ನಾದಿನಿಯ ಕೋಣೆಗೂ ಅಷ್ಟೇ ಜನ ಸಾಕಿತ್ತು. ಆ ಐವರು ಯಾರೆಂದು ಅವಳೇ ಹೇಳುತ್ತಿದ್ದಳು. ಉಳಿದವರಿಗೆ ‘ಮನೆಯಲ್ಲೊಬ್ಬರಿಗೆ ಕಾಯಿಲೆ, ನೆನಪಿಸಿಕೊಳ್ಳಿ’ ಎಂದರೆ ಆಗುತ್ತಿತ್ತು.

ಈಗ ಮಾಡಬೇಕಾದದ್ದು. ಹಾಕಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಲು ವಾಟ್ಸ್‌ಆ್ಯಪ್ ಕೊಡುವ ಅವಧಿ ಸುಮಾರು ಎರಡು ದಿನ. ನಿಮಗೆ ಅದು ಕಳೆದಿದೆ. ಆದ್ದರಿಂದ ಗುಂಪಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಫೋಟೊ ಅಳಿಸಿ ಎಂದು ಕೇಳಿಕೊಳ್ಳಿ. ಬೇಸರದ ಕೆಲಸವೇ, ಆದರೂ ಮಾಡಿ. ಗುಂಪಿನಲ್ಲಿ ಮಾತ್ರ ಕ್ಷಮಾಪಣೆ ಬರೆಯಬೇಡಿ, ನೋಡದೆ ಬಿಟ್ಟವರೂ ಮೇಲಕ್ಕೆ ಹೋಗಿ ಹುಡುಕುತ್ತಾರೆ.

ಆಮೇಲೆ ಅವಳ ಮನೆಗೆ ಹೋಗಿ. ‘ತಪ್ಪಾಯಿತು’ ಎಂದಷ್ಟೇ ಹೇಳಿ; ‘ಪ್ರಾರ್ಥನೆಗಾಗಿಯೇ ಹಾಕಿದ್ದು’ ಎಂದು ಬಾಲ ಸೇರಿಸಬೇಡಿ. ಬರಿಗೈಯಲ್ಲಿ ಹೋಗಬೇಡಿ, ಅವಳ ಬಾಯಿಗೆ ರುಚಿಸುವ ಸಾರು ಯಾವುದೆಂದು ನಿಮಗೆ ಗೊತ್ತಿರುತ್ತದೆ. ಬಾಗಿಲು ತೆಗೆಯದಿದ್ದರೆ ಡಬ್ಬಿಯನ್ನು ಹೊರಗಿಟ್ಟು ಬನ್ನಿ. ಎರಡು ದಿನ ಬಿಟ್ಟು, ಡಬ್ಬಿ ತರುವ ನೆಪದಲ್ಲಿ ಮತ್ತೆ ಹೋಗಿ.