ಎಡಕ್ಕೆ ತಿರುಗಿದರೆ ಸದ್ದು: ಬಲಗಡೆ ಗಾಲಿ ನೋಡಿದ್ದೀರಾ?

ಪ್ರಶ್ನೆ: ನಾನು ದಾವಣಗೆರೆಯವಳು, ಭರಮಸಾಗರದಲ್ಲಿ ಶಿಕ್ಷಕಿ. ದಿನಾ ಕಾರಿನಲ್ಲಿ ಹೋಗಿ ಬರುತ್ತೇನೆ. ಗಾಡಿಗೆ ಎಂಟು ವರ್ಷ, 92,000 ಕಿ.ಮೀ. ಓಡಿದೆ. ಒಂದು ತಿಂಗಳಿಂದ ಹೆದ್ದಾರಿಯಿಂದ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯುವಾಗ ಮುಂದುಗಡೆ ಗರಗರ ಸದ್ದು. ಊರೊಳಗೆ ಸರ್ಕಲ್ ಸುತ್ತುವಾಗ ಮಾತ್ರ ಇಲ್ಲ. ಗ್ಯಾರೇಜಿನಲ್ಲಿ ಮುಂದಿನ ಎಡಗಡೆ ವೀಲ್ ಬೇರಿಂಗ್ ಬದಲಾಯಿಸಿದರು. ಸದ್ದು ಹಾಗೇ ಇದೆ. ಈಗ ಎಂಜಿನ್ ಕಡೆಯಿಂದ ಗಾಲಿ ತಿರುಗಿಸುವ ಡ್ರೈವ್ ಶಾಫ್ಟ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬೇಕಾ?

ಉತ್ತರ: ಬೇಡ ಮೇಡಂ, ತಡೆಯಿರಿ. ಸರ್ಕಲ್ ಸುತ್ತುವಾಗ ಸದ್ದಿಲ್ಲ ಅಂತ ಬರೆದಿದ್ದೀರಲ್ಲ, ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದು ಅದೇ ಸಾಲು. ನಮ್ಮಲ್ಲಿ ಸರ್ಕಲ್ ಸುತ್ತುವಾಗ ಸ್ಟೀರಿಂಗ್ ಬಲಕ್ಕೆ ಇರುತ್ತದೆ. ಅಂದರೆ ನಿಮ್ಮ ಗಾಡಿ ಬಲಕ್ಕೆ ತಿರುಗಿದಾಗ ಸುಮ್ನೆ ಇರುತ್ತದೆ, ಎಡಕ್ಕೆ ತಿರುಗಿದಾಗ ಕೂಗುತ್ತದೆ.

ಸಿಟಿ ಬಸ್ಸು ಜೋರಾಗಿ ಎಡಕ್ಕೆ ತಿರುಗಿದರೆ ನಿಂತವರೆಲ್ಲ ಯಾವ ಕಡೆ ವಾಲುತ್ತಾರೆ? ಬಲಕ್ಕೆ ಅಲ್ವಾ? ಕಾರಿನ ಭಾರವೂ ಹಾಗೇ ಬಲಗಡೆ ಗಾಲಿಗಳ ಮೇಲೆ ಬೀಳುತ್ತದೆ. ಸವೆದ ಬೇರಿಂಗು ಭಾರ ಬಿದ್ದಾಗ ಸದ್ದು ಮಾಡುತ್ತದೆ, ಭಾರ ಇಳಿದಾಗ ಸುಮ್ಮನಾಗುತ್ತದೆ. ನನ್ನ ಅಂದಾಜಿನಲ್ಲಿ ಕೆಟ್ಟಿರುವುದು ಮುಂದಿನ ಬಲಗಡೆ ಬೇರಿಂಗು. ಅವರು ಹಾಕಿದ್ದು ಎಡಗಡೆಯದು.

ನಾನೂ ಈ ತಪ್ಪು ಮಾಡಿದವನೇ. 26 ವರ್ಷದ ಹಿಂದೆ, ಕೆಲಸ ಕಲಿಯುವ ದಿನಗಳಲ್ಲಿ, ಒಬ್ಬ ರೈತರ ಗಾಡಿಗೆ ತಿರುಗಿದ ಕಡೆಯ ಬೇರಿಂಗನ್ನೇ ಹಾಕಿಕೊಟ್ಟೆ. ಮೆಕ್ಕೆಜೋಳ ಮಾರಿದ ದುಡ್ಡು ಎಣಿಸಿ ಕೊಟ್ಟು ಹೋದರು. ಮಾರನೇ ದಿನ ಅದೇ ಸದ್ದಿನ ಜೊತೆ ವಾಪಸ್ ಬಂದರು. ಬೈಯಲಿಲ್ಲ, ಸುಮ್ಮನೆ ನಿಂತರು. ಅವತ್ತಿನಿಂದ ಸದ್ದಿನ ಗಾಡಿ ಬಂದರೆ ನಾನೇ ಒಂದು ಸುತ್ತು ಓಡಿಸಿ ನೋಡದೆ ಸ್ಪ್ಯಾನರ್ ಮುಟ್ಟುವುದಿಲ್ಲ.

ನೀವೂ ಅಷ್ಟು ಮಾಡಿ. ಊರಾಚೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಹೋಗುತ್ತಾ ಸ್ಟೀರಿಂಗ್ ಸ್ವಲ್ಪವೇ ಎಡಕ್ಕೆ, ಆಮೇಲೆ ಸ್ವಲ್ಪವೇ ಬಲಕ್ಕೆ ಆಡಿಸಿ. ಕಿಟಕಿ ಇಳಿಸಿರಲಿ, ಹಾಡು ಬೇಡ. ಸದ್ದು ಬರುವಾಗ ಬ್ರೇಕ್ ಮೆಲ್ಲಗೆ ಒತ್ತಿ ನೋಡಿ. ಒತ್ತಿದ ಕೂಡಲೇ ಸದ್ದು ನಿಂತರೆ ಅಥವಾ ಬದಲಾದರೆ ಬ್ರೇಕ್ ಕಡೆ ಅನುಮಾನ ಪಡಬೇಕು. ಬ್ರೇಕ್ ಡಿಸ್ಕಿನ ಹಿಂದೆ ತೆಳ್ಳನೆಯ ತಗಡು ಇರುತ್ತದೆ. ಅವೆರಡರ ಮಧ್ಯೆ ಒಂದು ಜಲ್ಲಿ ಚೂರು ಸಿಕ್ಕಿಕೊಂಡರೂ ಸಾಕು, ಗಾಡಿ ಮುರಿದೇ ಹೋಯಿತು ಅನ್ನುವ ಹಾಗೆ ಕಿರುಚುತ್ತದೆ. ಕಲ್ಲು ತೆಗೆದು ತಗಡನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಮುಗಿಯಿತು.

ಡ್ರೈವ್ ಶಾಫ್ಟ್ ತುದಿಯಲ್ಲಿ ಗಾಲಿ ತಿರುಗಿದ ಕಡೆ ಬಾಗುವ ಸಿವಿ ಜಾಯಿಂಟ್ ಕೆಟ್ಟರೆ ಬರುವ ಸದ್ದೇ ಬೇರೆ. ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಆಕ್ಸಿಲರೇಟರ್ ಕೊಟ್ಟಾಗ ಕಟ್ ಕಟ್ ಕಟ್ ಅನ್ನುತ್ತದೆ, ಗರಗರ ಅನ್ನುವುದಿಲ್ಲ. ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟು ಸೀಳಿ ಗಾಲಿಯ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ. ಇದು ಯಾವುದೂ ಇಲ್ಲದಿದ್ದರೆ ಶಾಫ್ಟಿಗೆ ದುಡ್ಡು ಹಾಕಬೇಡಿ.

ಬಲಗಡೆ ಬೇರಿಂಗೇ ಹೌದಾ ಅಂತ ಗ್ಯಾರೇಜಿನಲ್ಲಿ ನಿಮ್ಮ ಎದುರೇ ನೋಡಿಸಿ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಗಾಲಿ ಎತ್ತಿ ಸ್ಟ್ಯಾಂಡ್ ಕೊಡಲಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಗಾಲಿ ತಿರುಗಿಸಿದರೆ, ಕೆಟ್ಟ ಬೇರಿಂಗಿನ ಒರಟುತನ ಸ್ಪ್ರಿಂಗಿನಿಂದ ಬೆರಳಿಗೇ ಬರುತ್ತದೆ. ರಾಗಿ ಕಲ್ಲು ತಿರುಗಿದ ಹಾಗೆ. ಗಾಲಿಯ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿಯೂ ನೋಡಲಿ. ಆಟ, ಅಂದರೆ ಸಡಿಲ, ಸಿಕ್ಕರೆ ಬೇರಿಂಗಿನ ಮೇಲಿನ ಅನುಮಾನ ಇನ್ನೂ ಗಟ್ಟಿ. ಆಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ, ಶುರುವಿನಲ್ಲಿ ಬರೀ ಸದ್ದು ಇರುತ್ತದೆ.

ಹೊಸದನ್ನು ಹಾಕುವಾಗ ಹತ್ತಿರ ನಿಂತು ನೋಡಿ. ಇದು ಪ್ರೆಸ್ಸಿನಲ್ಲಿ, ಅಂದರೆ ಒತ್ತುವ ಯಂತ್ರದಲ್ಲಿ, ಕೂರಿಸುವ ಕೆಲಸ. ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಗುಂಡು ಓಡುವ ದಾರಿಯಲ್ಲಿ ಕುಳಿ ಬೀಳುತ್ತದೆ, ಸ್ವಲ್ಪ ದಿನಕ್ಕೇ ಮತ್ತೆ ಗರಗರ. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ನೋಡುವ ಎಬಿಎಸ್ ಇರುವ ಎಷ್ಟೋ ಗಾಡಿಗಳಲ್ಲಿ ಬೇರಿಂಗಿನ ಒಂದು ಮುಖಕ್ಕೆ ಅಯಸ್ಕಾಂತದ ಪಟ್ಟಿ ಇರುತ್ತದೆ. ಅದು ಗಾಲಿಯ ವೇಗ ಅಳೆಯುವ ಸೆನ್ಸಾರ್ ಕಡೆಗೇ ಇರಬೇಕು. ತಿರುಗಾಮುರುಗಾ ಆದರೆ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು. ಆಕ್ಸಲ್ ನಟ್ಟು ಹೊಸದಿರಲಿ, ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿಯಲಿ.

ಬಂಡಿಗೆ ಕೀಲೆಣ್ಣೆ ಹಾಕಿದ ಹಾಗೆ ಗ್ರೀಸ್ ತುಂಬಿದರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಈಗಿನ ಬೇರಿಂಗ್ ಸೀಲ್ ಆಗಿ ಬರುತ್ತದೆ, ಒಳಗೆ ಗ್ರೀಸ್ ಹೋಗುವುದಿಲ್ಲ. ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಗಾಡಿ ಇಳಿಸಿದರೆ ಹಳೇ ಸೀಲಿನ ಸಂದಿನಲ್ಲಿ ನೀರು ಮಾತ್ರ ಹೋಗುತ್ತದೆ.

ಇದು ಸರಿಯಾಗುವವರೆಗೆ ಬಸ್ಸಿನಲ್ಲಿ ಓಡಾಡಿ ಮೇಡಂ. ಲಾರಿಗಳ ಮಧ್ಯೆ ಆ ಹೆದ್ದಾರಿಯಲ್ಲಿ ಗಾಲಿ ಅಲ್ಲಾಡುವ ಹಂತಕ್ಕೆ ಬರಬಾರದು. ತೀರಾ ಕೆಟ್ಟ ಬೇರಿಂಗು ಕಾದು ಗಾಲಿಯನ್ನೇ ಹಿಡಿದು ನಿಲ್ಲಿಸಬಹುದು.

ಪ್ರಶ್ನೆ: ಜಗಳೂರು ಕಡೆ ರಸ್ತೆ ಮೇಲೆ ಒಕ್ಕಣೆಗೆ ಹರಡಿದ್ದ ಹುರುಳಿ ಸೊಪ್ಪಿನ ಮೇಲೆ ಕಾರು ಹೋಯಿತು. ಆಮೇಲೆ ತಿರುಗಿಸಿದಾಗಲೆಲ್ಲ ಕೆಳಗೆ ಉಜ್ಜಿದ ಸದ್ದು. ಏನು ಮಾಡಲಿ?

ಉತ್ತರ: ಇನ್ನು ಗಾಡಿ ಓಡಿಸಬೇಡಿ. ಹುರುಳಿ ಬಳ್ಳಿ ಡ್ರೈವ್ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ. ಬಿಸಿ ಸೈಲೆನ್ಸರ್ ಕೊಳವೆಗೆ ತಾಗಿದರೆ ಬೆಂಕಿ ಹತ್ತಬಹುದು. ಎಂಜಿನ್ ಪೂರ್ತಿ ಆರಿದ ಮೇಲೆ ಗ್ಯಾರೇಜಿನವರನ್ನು ಕರೆಸಿ, ಬ್ಲೇಡಿನಿಂದ ಕೊಯ್ದು ತೆಗೆಸಿ. ಜೋರಾಗಿ ಎಳೆದರೆ ಬೂಟು ಹರಿಯುತ್ತದೆ. ಬೂಟು ಈಗಾಗಲೇ ಸೀಳಿದ್ದರೆ ಅದೇ ವಾರ ಹೊಸ ಬೂಟು, ಹೊಸ ಗ್ರೀಸ್ ಹಾಕಿಸಿ. ಕಟ್ ಕಟ್ ಸದ್ದು ಶುರುವಾಗುವವರೆಗೆ ಬಿಟ್ಟರೆ ಜಾಯಿಂಟನ್ನೇ ಬದಲಾಯಿಸಬೇಕಾಗುತ್ತದೆ.