ಅಮೆರಿಕದ ಕ್ರೀಡಾ ಪಾಡ್‌ಕಾಸ್ಟ್ ಜಾಲಗಳು ಹೇಗೆ ಬೆಳೆದವು? ಮೈಸೂರಿನಲ್ಲಿ ಕೂತು ಎಡಿಟ್ ಮಾಡಿದವನ ಉತ್ತರ

ನೀವು ಕೇಳಿದ್ದು ಇಷ್ಟು: "ಅಮೆರಿಕದಲ್ಲಿ ಒಂದೊಂದು ತಂಡಕ್ಕೂ ಒಂದೊಂದು ಪಾಡ್‌ಕಾಸ್ಟ್ ಇದೆಯಂತೆ, ಅಷ್ಟೂ ಒಂದೇ ಕಂಪನಿಯದಂತೆ. ಅಷ್ಟು ದೊಡ್ಡದಾಗಿ ಹೇಗೆ ಬೆಳೆಯಿತು? ನಾವು ನಾಲ್ಕು ಜನ ಗೆಳೆಯರು ಕನ್ನಡದಲ್ಲಿ ಹಾಗೇ ಒಂದು ಶುರು ಮಾಡಬಹುದಾ?"

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾನು ಮಾತಾಡುವವನಲ್ಲ, ಕಂಪನಿ ನಡೆಸಿದವನೂ ಅಲ್ಲ. 2018ರಿಂದ ಸುಮಾರು ಆರು ವರ್ಷ, ಮೈಸೂರಿನ ಮನೆಯಲ್ಲಿ ಕೂತು, ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ದಿನದ ಪಾಡ್‌ಕಾಸ್ಟನ್ನು ಎಡಿಟ್ ಮಾಡುತ್ತಿದ್ದೆ. ಆ ತಂಡದ ಒಂದು ಆಟವನ್ನೂ ಪೂರ್ತಿ ನೋಡಿಲ್ಲ. ಆದರೆ ಯಾವ ಆಟಗಾರನ ಮೊಣಕಾಲು ಯಾವಾಗ ನೋಯುತ್ತಿತ್ತು ಅಂತ ಕೇಳಿ, ಇವತ್ತಿಗೂ ಹೇಳ್ತೀನಿ.

ನನ್ನ ಕೆಲಸದ ಗಡಿಯಾರ ನೋಡಿದರೆ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಹತ್ತಕ್ಕೆ ಆಟ ಮುಗಿದರೆ ನಮಗೆ ಬೆಳಿಗ್ಗೆ ಹನ್ನೊಂದೂವರೆ. ಹೋಸ್ಟ್ ಆಟ ನೋಡಿದ ಬಿಸಿಯಲ್ಲೇ ಅರ್ಧ ಗಂಟೆ ಮಾತಾಡಿ ಮಲಗುವ ಮೊದಲು ಫೈಲ್ ಕಳಿಸುತ್ತಿದ್ದ. ನನಗೆ ಅದು ಮಧ್ಯಾಹ್ನ ಹನ್ನೆರಡೂವರೆ, ಒಂದಕ್ಕೆ ಬರುತ್ತಿತ್ತು. ಊಟ ಮಾಡಿ, ಕೂತು, ಸಂಜೆ ಐದರೊಳಗೆ ಅಪ್‌ಲೋಡ್. ಅಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಅವನ ಕೇಳುಗರು ಆರಕ್ಕೆ ಎದ್ದು ಕಾರು ಹತ್ತುವ ಹೊತ್ತಿಗೆ ಎಪಿಸೋಡ್ ಫೋನಿನಲ್ಲಿ ಇಳಿದಿರುತ್ತಿತ್ತು.

ಇಡೀ ವ್ಯಾಪಾರ ನಿಂತಿರುವುದು ಇದರ ಮೇಲೆಯೇ. ಹಾಲಿನ ಪ್ಯಾಕೆಟ್ ಥರ. ಯಾವತ್ತೋ ಒಂದು ದಿನ ಬಹಳ ಚೆನ್ನಾಗಿರುವ ಹಾಲು ಯಾರಿಗೆ ಬೇಕು? ದಿನಾ, ಕಾಫಿ ಕಾಯಿಸುವ ಮುಂಚೆ ಬಾಗಿಲಲ್ಲಿ ಇರಬೇಕು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಡೇವಿಡ್ ಲಾಕ್. ಯೂಟಾ ಜಾಝ್ ಅನ್ನುವ ಬ್ಯಾಸ್ಕೆಟ್‌ಬಾಲ್ ತಂಡದ ರೇಡಿಯೋ ಕಾಮೆಂಟೇಟರ್. ತಮ್ಮ ತಂಡದ ಬಗ್ಗೆ ದಿನಾ ಪಾಡ್‌ಕಾಸ್ಟ್ ಮಾಡುತ್ತಿದ್ದವರು 2016ರಲ್ಲಿ ಅದೇ ಅಚ್ಚಿನಲ್ಲಿ 'ಲಾಕ್ಡ್ ಆನ್' ಅನ್ನುವ ಜಾಲ ಕಟ್ಟಿದರು. ಒಂದು ತಂಡ, ಒಬ್ಬಿಬ್ಬರು ಹೋಸ್ಟ್, ಅರ್ಧ ಗಂಟೆ, ವಾರದ ಐದೂ ದಿನ. 'ನಿಮ್ಮ ತಂಡ, ದಿನಾಲೂ' ಅನ್ನುವುದೇ ಅವರ ಘೋಷವಾಕ್ಯ. ಅಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು 30, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32, ಬೇಸ್‌ಬಾಲ್ 30, ಐಸ್ ಹಾಕಿ ಈಗ 32. ಅಷ್ಟಕ್ಕೇ 124 ಆಯಿತು. ಮೇಲೆ ಕಾಲೇಜು ತಂಡಗಳು, ಅಲ್ಲಿ ಅವುಗಳ ಹುಚ್ಚು ಬೇರೆಯೇ ಲೆಕ್ಕ. 2021ರ ಜನವರಿಯಲ್ಲಿ ಊರೂರುಗಳ ಟಿವಿ ಸ್ಟೇಷನ್‌ಗಳ ಒಡೆತನ ಇರುವ ಟೆಗ್ನಾ ಕಂಪನಿ ಇದನ್ನು ಕೊಂಡುಕೊಂಡಿತು. ಆ ಹೊತ್ತಿಗೆ ಜಾಲದಲ್ಲಿ ನೂರೈವತ್ತಕ್ಕೂ ಹೆಚ್ಚು ಪಾಡ್‌ಕಾಸ್ಟ್‌ಗಳಿದ್ದವು. ಕೊಂಡವರಿಗೆ ಊರಿನ ಜಾಹೀರಾತುದಾರರ ಪರಿಚಯ ಮೊದಲೇ ಇತ್ತು. ಜಾಲಕ್ಕೆ ಬೇಕಾಗಿದ್ದದ್ದೂ ಅದೇ.

ಇನ್ನೊಂದು ದಾರಿಯೂ ಇದೆ. ಅದು ಸ್ಟಾರ್‌ಗಳ ದಾರಿ. ಕ್ರೀಡಾ ಅಂಕಣಕಾರ ಬಿಲ್ ಸಿಮನ್ಸ್, ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನಲ್ಲಿ 2007ರಲ್ಲೇ ಪಾಡ್‌ಕಾಸ್ಟ್ ಶುರು ಮಾಡಿದ್ದವರು, 2015ರಲ್ಲಿ ಅಲ್ಲಿಂದ ಹೊರಬಿದ್ದು ಮರುವರ್ಷ 'ದ ರಿಂಗರ್' ಅನ್ನುವ ತಮ್ಮದೇ ವೆಬ್‌ಸೈಟ್ ಮತ್ತು ಪಾಡ್‌ಕಾಸ್ಟ್ ಜಾಲ ಕಟ್ಟಿದರು, 2020ರಲ್ಲಿ ಸ್ಪಾಟಿಫೈ ಅದನ್ನು ಸುಮಾರು 20 ಕೋಟಿ ಡಾಲರ್‌ವರೆಗಿನ ಒಪ್ಪಂದದಲ್ಲಿ ಕೊಂಡಿತು. ಪತ್ರಿಕೆಗಳಲ್ಲಿ ಬರುವುದೆಲ್ಲ ಈ ಕಥೆಯೇ. ಆದರೆ ಅದು ನಿಮಗೂ ನನಗೂ ಉಪಯೋಗಕ್ಕೆ ಬರುವ ಕಥೆ ಅಲ್ಲ. ನಿಮ್ಮಲ್ಲಿ ಸಿಮನ್ಸ್ ಇದ್ದಿದ್ದರೆ ನೀವು ಇಲ್ಲಿ ಬಂದು ಪ್ರಶ್ನೆ ಕೇಳ್ತಿರಲಿಲ್ಲ, ಅಲ್ವಾ?

ನನ್ನ ಹೋಸ್ಟ್ ಇದ್ದದ್ದು ಲಾಕ್ಡ್ ಆನ್‌ನಲ್ಲಿ ಅಲ್ಲ, ಅದೇ ಮಾದರಿಯ ಇನ್ನೊಂದು ಸಣ್ಣ ಜಾಲದಲ್ಲಿ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹಗಲು ಅವನದು ಬೇರೆ ನೌಕರಿ. ರೆಕಾರ್ಡ್ ಮಾಡುತ್ತಿದ್ದದ್ದು ಬಟ್ಟೆ ಬೀರುವಿನೊಳಗೆ. ತಮಾಷೆ ಅಲ್ಲ, ತೂಗುಹಾಕಿದ ಕೋಟುಗಳು ಗೋಡೆಯ ಪ್ರತಿಧ್ವನಿಯನ್ನು ಚೆನ್ನಾಗಿ ನುಂಗುತ್ತವೆ. ತೊಂದರೆ ಹ್ಯಾಂಗರ್‌ಗಳದು. ಅವನ ತಂಡ ಸೋತ ದಿನ ಕೈ ಬೀಸಿ ಮಾತಾಡುತ್ತಿದ್ದ. ಪ್ರತಿ ಸಲ ಕೈ ಮೇಲೆ ಹೋದಾಗ 'ಟಿಂಗ್'. ಫೈಲ್ ತೆರೆದು ಮೊದಲ ಎರಡು ನಿಮಿಷದಲ್ಲಿ ಎಷ್ಟು ಟಿಂಗ್ ಇದೆ ಅಂತ ಎಣಿಸಿದರೆ ಸ್ಕೋರ್ ನೋಡದೆಯೇ ಸೋಲು ಗೆಲುವು ಹೇಳಬಹುದಿತ್ತು. ಆ ಟಿಂಗ್‌ಗಳನ್ನು ಒಂದೊಂದಾಗಿ ಹುಡುಕಿ ಅಳಿಸುವುದು, ಉಸಿರು ತಗ್ಗಿಸುವುದು, ದನಿಯ ಮಟ್ಟ ಒಂದೇ ಸಮ ಮಾಡುವುದು, ಆಮೇಲೆ ಜಾಹೀರಾತು ಬರುವ ಜಾಗಕ್ಕೆ ಗುರುತು ಹಾಕುವುದು. ಇಷ್ಟೇ ಕೆಲಸ.

ಆ ಗುರುತು ಹಾಕುವುದರಲ್ಲೇ ಒಂದು ಸಲ ಎಡವಿದೆ. ಕೊನೆಯ ಮೂರು ಸೆಕೆಂಡಿನ ಆಟವನ್ನು ಅವನು ಉಸಿರು ಬಿಗಿಹಿಡಿದು ಹೇಳುತ್ತಿದ್ದಾನೆ, ಚೆಂಡು ಕೈಬಿಟ್ಟಿತು, ಗಾಳಿಯಲ್ಲಿದೆ... ಸರಿಯಾಗಿ ಅಲ್ಲೇ ಹಾಸಿಗೆ ಜಾಹೀರಾತು. ಮಾರನೇ ದಿನ ಅವನ ಮೇಲ್‌ನಲ್ಲಿ ಒಂದೇ ಸಾಲು: "ಚೆಂಡು ಇನ್ನೂ ಗಾಳಿಯಲ್ಲೇ ಇದೆಯಂತೆ, ನೂರು ಜನ ಬರೆದಿದ್ದಾರೆ." ನನಗೆ ನಾಚಿಕೆ. ಅವನಿಗೆ ಖುಷಿ. ನೂರು ಜನ ಬರೆಯುವಷ್ಟು ಗಮನ ಇಟ್ಟು ಕೇಳುತ್ತಾರೆ ಅಂತ ಅವನಿಗೂ ಅವತ್ತೇ ಗೊತ್ತಾದದ್ದು.

ಈಗ ದುಡ್ಡಿನ ಮಾತು. ಜಾಲ ಯಾಕೆ ಬೇಕು ಅನ್ನುವುದು ಇಲ್ಲೇ ಇದೆ.

ಅಲ್ಲಿ ಪಾಡ್‌ಕಾಸ್ಟ್ ಜಾಹೀರಾತಿಗೆ ಸಾವಿರ ಕೇಳುಗರಿಗೆ ಇಷ್ಟು ಅಂತ ದರ, ಸಾಮಾನ್ಯವಾಗಿ 20 ಡಾಲರ್ ಆಸುಪಾಸು. ಒಂದು ಎಪಿಸೋಡನ್ನು 3,000 ಜನ ಕೇಳುತ್ತಾರೆ, ಮೂರು ಜಾಹೀರಾತಿಗೆ ಜಾಗ ಇದೆ ಅಂದುಕೊಳ್ಳಿ. ಮೂರೂ ಮಾರಾಟವಾದರೆ 180 ಡಾಲರ್. ಯಾವತ್ತೂ ಮೂರೂ ಮಾರಾಟ ಆಗುವುದಿಲ್ಲ. ಅದಿರಲಿ, 3,000 ಕೇಳುಗರಿರುವವನ ಜೊತೆ ಯಾವ ದೊಡ್ಡ ಕಂಪನಿಯೂ ಫೋನಿನಲ್ಲಿ ಎರಡು ಮಾತಾಡುವುದೂ ಇಲ್ಲ. ಆದರೆ ಅಂಥ ನೂರು ಜನರನ್ನು ಒಂದು ಹಗ್ಗಕ್ಕೆ ಕಟ್ಟಿದರೆ ದಿನಕ್ಕೆ 3 ಲಕ್ಷ ಕಿವಿ. ಆಗ ಫೋನ್ ಅವರೇ ಮಾಡುತ್ತಾರೆ. ಒಂದೇ ಜಾಹೀರಾತನ್ನು ನೂರೂ ಎಪಿಸೋಡಿನಲ್ಲಿ ತಾನಾಗಿ ಸೇರಿಸುವ ಸಾಫ್ಟ್‌ವೇರ್ ಇದೆ. ಹಳೆಯ ಜಾಹೀರಾತು ತೆಗೆದು ಹೊಸದನ್ನು ಹಾಕುವುದೂ ಆಗುತ್ತದೆ. ನಾನು ಹಾಕುತ್ತಿದ್ದ ಗುರುತು ಅದಕ್ಕೇ. ಜಾಲ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಹೋಸ್ಟ್‌ಗೆ ಕೊಡುತ್ತದೆ, ಹೋಸ್ಟ್ ಅದರಲ್ಲಿ ನನಗೆ ಎಪಿಸೋಡಿಗೆ ಇಷ್ಟು ಅಂತ. ಅಂದರೆ ಡೈರಿ ಲೆಕ್ಕ. ಒಂದು ಹಸು ಇದ್ದವನ ಎರಡು ಲೀಟರ್ ಹಾಲಿಗೆ ಪೇಟೆಯಲ್ಲಿ ಬೆಲೆ ಇಲ್ಲ, ಊರಿನ ಡೈರಿಗೆ ಹಾಕಿದರೆ ಟ್ಯಾಂಕರ್ ಬರುತ್ತದೆ. (ವ್ಯತ್ಯಾಸ ಏನೆಂದರೆ ನಮ್ಮ ಡೈರಿ ಸಹಕಾರ ಸಂಘ, ಜಾಲ ಹಾಗಲ್ಲ.)

ಆ ಕಾಲದಲ್ಲಿ ದುಡ್ಡು ಎಷ್ಟು ಬೇಗ ಏರಿತು ಅಂದರೆ, ಅಮೆರಿಕದ ಒಟ್ಟು ಪಾಡ್‌ಕಾಸ್ಟ್ ಜಾಹೀರಾತು ಆದಾಯ 2018ರಲ್ಲಿ 47.9 ಕೋಟಿ ಡಾಲರ್ ಇದ್ದದ್ದು 2021ಕ್ಕೆ 140 ಕೋಟಿ ದಾಟಿತ್ತು. ಕ್ರೀಡೆಯ ಪಾಲಿಗೆ ಅದಕ್ಕೊಂದು ವಿಶೇಷ ಕಾರಣ ಇತ್ತು. 2018ರ ಮೇ 14ರಂದು ಅಲ್ಲಿನ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರದ ಕಾನೂನನ್ನು ರದ್ದು ಮಾಡಿತು. ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. ನಾನು ಸೇರಿದ ಹೊಸತರಲ್ಲಿ ಹಾಸಿಗೆ, ರೇಜರ್, ಡಬ್ಬಿ ಊಟದ ಜಾಹೀರಾತುಗಳೇ ಬರುತ್ತಿದ್ದವು. ಎರಡು ವರ್ಷದಲ್ಲಿ ಬೆಟ್ಟಿಂಗ್ ಕಂಪನಿಗಳೇ ಜಾಸ್ತಿ. ಕಾರ್ಯಕ್ರಮದ ಮಾತೂ ಬದಲಾಯಿತು. ಮೊದಲು "ಇವತ್ತು ಗೆಲ್ತೀವಾ" ಅಂತಿದ್ದವನು "ಎಷ್ಟು ಅಂಕದಿಂದ" ಅಂತ ಸೇರಿಸತೊಡಗಿದ. ನನಗೆ ಅದು ಹಿಡಿಸಲಿಲ್ಲ. ಸಂಬಳ ಬಂದದ್ದು ಅದರಿಂದಲೇ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ದಿನಾ ಅಂದರೆ ದಿನಾ ಅನ್ನುವುದಕ್ಕೆ ಒಂದು ಪರೀಕ್ಷೆ ಬಂತು. 2020ರ ಮಾರ್ಚ್ 12, ನಮಗೆ ಬೆಳಿಗ್ಗೆ ಏಳರ ಹೊತ್ತು. ಅಲ್ಲಿ ಇನ್ನೂ 11ನೇ ತಾರೀಕಿನ ರಾತ್ರಿ. ಒಕ್ಲಹೋಮಾ ಸಿಟಿಯಲ್ಲಿ ಯೂಟಾ ಜಾಝ್ ಆಡಬೇಕಿದ್ದ ಆಟ ಶುರುವಾಗುವ ಹೊತ್ತಿಗೆ ನಿಂತಿತ್ತು, ಅವರ ಆಟಗಾರ ರೂಡಿ ಗೊಬೇರ್‌ಗೆ ಕೊರೊನಾ ಅಂತ ಗೊತ್ತಾಗಿ. ಸ್ವಲ್ಪ ಹೊತ್ತಿಗೆ ಎನ್‌ಬಿಎ ಇಡೀ ಸೀಸನ್ ನಿಲ್ಲಿಸಿತು. ಇನ್ನು ನನ್ನ ಕೆಲಸ ಹೋಯಿತು ಅಂದುಕೊಂಡೆ. ಮಧ್ಯಾಹ್ನ ಎಂದಿನಂತೆ ಫೈಲ್ ಬಂತು. ಮಾರನೇ ದಿನವೂ ಬಂತು. ನಾಲ್ಕು ತಿಂಗಳು ಆಟವೇ ಇಲ್ಲ, ಅವನು ಮಾತ್ರ ದಿನಾ ಮಾತಾಡಿದ. ಹಳೇ ಆಟಗಳ ಬಗ್ಗೆ, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸ್ಟೇಡಿಯಂಗೆ ಹೋದದ್ದರ ಬಗ್ಗೆ, ಒಂದು ದಿನ ಬರೀ ತಂಡದ ಹಳೇ ಜೆರ್ಸಿ ಬಣ್ಣಗಳ ಬಗ್ಗೆ ಇಪ್ಪತ್ತೆಂಟು ನಿಮಿಷ. ಕೇಳುಗರು ಕಡಿಮೆಯಾದರು, ಆದರೆ ಉಳಿದವರು ಆಮೇಲೆ ಬಿಟ್ಟು ಹೋಗಲೇ ಇಲ್ಲ.

ಇಳಿಗಾಲ ಬಂದದ್ದು ಬೇರೆ ಕಡೆಯಿಂದ. 2023ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಐಫೋನಿನ ಹೊಸ ಸಾಫ್ಟ್‌ವೇರ್ ಐಒಎಸ್ 17 ಬಿಡುಗಡೆ ಮಾಡಿತು. ಅಲ್ಲಿವರೆಗೆ ಆಪಲ್‌ನ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಕೆಲವು ವಾರ ಕೇಳದೆ ಬಿಟ್ಟವರು ಮತ್ತೆ ಒಂದು ಎಪಿಸೋಡ್ ಒತ್ತಿದರೆ ತಪ್ಪಿಹೋದ ಎಪಿಸೋಡ್‌ಗಳೂ ತಾವಾಗಿ ಡೌನ್‌ಲೋಡ್ ಆಗುತ್ತಿದ್ದವು. ಅದು ನಿಂತಿತು. ದಿನಕ್ಕೊಂದು ಎಪಿಸೋಡ್ ಹಾಕುವವರಿಗೇ ಹೊಡೆತ ಜಾಸ್ತಿ. ಜನ ಕೇಳುವುದು ಬಿಟ್ಟಿರಲಿಲ್ಲ, ಆದರೆ ಕಾಗದದ ಮೇಲಿನ ಡೌನ್‌ಲೋಡ್ ಲೆಕ್ಕ ಕುಸಿಯಿತು. ಜಾಹೀರಾತಿನ ದುಡ್ಡು ಬರುವುದು ಆ ಕಾಗದ ನೋಡಿಯೇ. ನನ್ನ ಹೋಸ್ಟ್ ಇದ್ದ ಜಾಲ ಮೊದಲು ದುಡ್ಡು ತಡ ಮಾಡಿತು, ಆಮೇಲೆ ಮೇಲ್‌ಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ನನ್ನ ಎರಡು ತಿಂಗಳ ಬಾಕಿ ಅವನು ಕೈಯಿಂದ ಕೊಟ್ಟ. ಕಾರ್ಯಕ್ರಮದ ಹೆಸರು ಮತ್ತು ಹಳೆಯ ಎಪಿಸೋಡ್‌ಗಳು ಜಾಲದ ಪಾಲಾದವು, ಯಾಕೆಂದರೆ ಒಪ್ಪಂದದಲ್ಲಿ ಹಾಗೆ ಬರೆದಿತ್ತು. ಅವನು ಹೊಸ ಹೆಸರಿನಲ್ಲಿ ಯೂಟ್ಯೂಬ್‌ಗೆ ಹೋದ. ಬೀರುವಿನಿಂದ ಹೊರಗೆ ಬಂದು ಮುಖ ತೋರಿಸಬೇಕಾಯಿತು. ಈಗ ಎಲ್ಲರ ಗತಿಯೂ ಅದೇ, ಬರೀ ದನಿ ಸಾಲುವುದಿಲ್ಲ.

ಸರಿ, ನಿಮ್ಮ ಎರಡನೇ ಪ್ರಶ್ನೆ. ಶುರು ಮಾಡಿ, ಆದರೆ ಆರ್‌ಸಿಬಿ ಇಟ್ಟುಕೊಂಡು ದಿನದ ಪಾಡ್‌ಕಾಸ್ಟ್ ಮಾಡ್ತೀವಿ ಅಂದರೆ ಒಂದು ಲೆಕ್ಕ ಹಾಕಿ. ಎನ್‌ಬಿಎ ತಂಡ ಒಂದು ಸೀಸನ್‌ಗೆ 82 ಆಟ ಆಡುತ್ತದೆ, ಬೇಸ್‌ಬಾಲ್ ತಂಡ 162. ಐಪಿಎಲ್ ಲೀಗ್ ಹಂತದಲ್ಲಿ ಆರ್‌ಸಿಬಿ ಆಡುವುದು 14. ಎರಡು ತಿಂಗಳು ಊರೆಲ್ಲ ನಿಮ್ಮ ಮಾತು ಕೇಳುತ್ತದೆ, ಉಳಿದ ಹತ್ತು ತಿಂಗಳು ಏನು ಹೇಳ್ತೀರಿ? 'ಈ ಸಲ ಕಪ್ ನಮ್ದೇ' ಅಂತಾದರೂ ಹೇಳಬಹುದಿತ್ತು, 2025ರ ಜೂನ್‌ನಲ್ಲಿ ಕಪ್ ಬಂದಮೇಲೆ ಆ ಮಾತಿನ ಹುಳಿಯೂ ಹೋಯಿತು. ದುಡ್ಡಿನ ಕಡೆಯೂ ಕಷ್ಟ. ಇಲ್ಲಿ ಕ್ರಿಕೆಟ್ ಮಾತಿಗೆ ಜಾಹೀರಾತು ಕೊಡುತ್ತಿದ್ದವರಲ್ಲಿ ಫ್ಯಾಂಟಸಿ ಆಟದ ಕಂಪನಿಗಳೇ ಮುಂದಿದ್ದವು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದು, ಭಾರತ ತಂಡದ ಅಂಗಿಯ ಮೇಲಿನ ಡ್ರೀಮ್11 ಹೆಸರೇ ಹೋಯಿತು. ಇನ್ನು ನಿಮಗೆ ನನಗೆ ಕೊಡುವವರು ಯಾರು?

ನನ್ನನ್ನು ಕೇಳಿದರೆ, ನಗಬೇಡಿ, ಕಂಬಳ. ನವೆಂಬರ್‌ನಿಂದ ಬೇಸಿಗೆ ಹತ್ತಿರವಾಗುವ ತನಕ ಕರಾವಳಿಯಲ್ಲಿ ವಾರಾಂತ್ಯ ಬಂದರೆ ಒಂದಲ್ಲ ಒಂದು ಊರಿನಲ್ಲಿ ಕಂಬಳ. ಕೋಣಗಳಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ, ಯಜಮಾನರ ನಡುವೆ ಪೈಪೋಟಿ ಇದೆ, ಓಡಿಸುವವರು ಈ ವರ್ಷ ಯಾರ ಕೋಣ ಹಿಡಿಯುತ್ತಾರೆ ಅನ್ನುವ ಚರ್ಚೆ ಇದೆ. ಮುಂಬೈಯಲ್ಲೂ ಗಲ್ಫ್‌ನಲ್ಲೂ ಇರುವ ಮಂಗಳೂರು, ಉಡುಪಿ ಕಡೆಯವರು ಸೋಮವಾರ ಬೆಳಿಗ್ಗೆ ಇದನ್ನು ಕೇಳದೆ ಇರುತ್ತಾರಾ? ತುಳುವಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು ಅನಿಸುತ್ತದೆ, ಅದು ನಿಮ್ಮ ನಾಲ್ವರಲ್ಲಿ ಯಾರಿಗೆ ಬರುತ್ತದೆ ನೋಡಿಕೊಳ್ಳಿ. ಊರಿನ ಬಟ್ಟೆ ಅಂಗಡಿ, ಹೋಟೆಲು, ಪಶು ಆಹಾರದವರು ಜಾಹೀರಾತು ಕೊಡಬಹುದು. ಸಾವಿರಕ್ಕಿಷ್ಟು ಅನ್ನುವ ಲೆಕ್ಕ ಬೇಡ, ಸೀಸನ್‌ಗೆ ಇಷ್ಟು ಅಂತ ಮಾತಾಡಿ. ಕ್ರಿಕೆಟ್ಟೇ ಬೇಕು ಅಂದರೆ ವಾರಕ್ಕೊಂದು ಮಾಡಿ, ರಣಜಿ ತಂಡವನ್ನೂ ಆಗಸ್ಟಿನ ಮಹಾರಾಜ ಟ್ರೋಫಿಯನ್ನೂ ಸೇರಿಸಿಕೊಳ್ಳಿ. ಆ ಹುಡುಗರ ಬಗ್ಗೆ ಕನ್ನಡದಲ್ಲಿ ಕೂತು ಅರ್ಧ ಗಂಟೆ ಮಾತಾಡುವವರು ಕಡಿಮೆ.

ಯಾವ ಜಾಲಕ್ಕಾದರೂ ಸೇರುವ ಮುಂಚೆ ಕಾರ್ಯಕ್ರಮದ ಹೆಸರು ಯಾರದು, ಫೀಡ್ (ಎಪಿಸೋಡ್‌ಗಳನ್ನು ಕೇಳುಗರ ಆ್ಯಪ್‌ಗೆ ತಲುಪಿಸುವ ಕೊಂಡಿ) ಯಾರ ಕೈಯಲ್ಲಿ ಅಂತ ಎರಡು ಸಾಲು ಬರೆಸಿಕೊಳ್ಳಿ.

ರೆಕಾರ್ಡಿಂಗ್‌ಗೆ ಸ್ಟುಡಿಯೋ ಬಾಡಿಗೆ ಸುಮ್ನೆ ದಂಡ. ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ, ಬಟ್ಟೆ ಬೀರುವಿನ ಬಾಗಿಲು ತೆರೆದು ಅದರ ಎದುರು ಕೂತು ಮಾತಾಡಿ. ಹ್ಯಾಂಗರ್ ಮಾತ್ರ ಮೊದಲೇ ತೆಗೆದುಬಿಡಿ.